ನನ್ನ ಮಾತು ತಿಳಿದಿದ್ದ ಅತ್ತೆ

ಭಾರದ ವಾಲೆ ಹಾಕಿ ಹಾಕಿ ಅತ್ತೆಯ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಆ ಕಿವಿಯನ್ನೇ ನನ್ನ ಬಾಯಿಗೆ ತಂದಿಟ್ಟು, ಮೇಲೆ ಬಿದ್ದ ಜೊಲ್ಲನ್ನು ಸೆರಗಿನಲ್ಲಿ ಒರೆಸಿಕೊಂಡು, "ಅದೇನು ಸರ್ಯಾಗ್ ಬೊಗುಳ್ಲಾ" ಅನ್ನುವಳು. ಊರಿನವರ ಅಯ್ಯೋ ಪಾಪ ಕೇಳಿ ಸಾಕಾಗಿದ್ದ ನನಗೆ ಆ ಬೈಗುಳವೇ ಹಿತ. ಹುಟ್ಟಿದಾಗಿನಿಂದ ನನ್ನ ಕೈಕಾಲು, ನಾಲಿಗೆ ಹಿಡಿತಕ್ಕಿಲ್ಲ. ನಾನು ಮಾತಾಡಿದರೆ ಎಲ್ಲರಿಗೂ ಬರೀ ಗೊರಗೊರ. ಹೆತ್ತವ್ವನಿಗೂ ಅರ್ಧ ತಿಳಿಯುತ್ತಿರಲಿಲ್ಲ. ಮಂಡ್ಯ ಸೀಮೆಯ ಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯ, ನೆಂಟಸ್ತಿಕೆಯಿಲ್ಲದೆಯೂ ಅತ್ತೆಯಾದ ಇವಳಿಗೆ ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಡೈರಿಗೆ ಹಾಲು ಹಾಕಿದವಳು ನೇರ ನಮ್ಮ ಜಗುಲಿಗೇ ಬರುವಳು. ನಾನು ಹೇಳಿದ್ದಕ್ಕೆ ತನ್ನದೂ ಒಂದಿಷ್ಟು ಸೇರಿಸಿ ಅವ್ವನಿಗೆ ಮುಟ್ಟಿಸುವಳು. "ಸಾರು ಸಪ್ಪೆಯಂತೆ ಕಣಮ್ಮ. ಮನೇಲಿ ಉಪ್ಪಿಗೂ ಗತಿಯಿಲ್ವಾ ಅಂತಾವ್ನೆ." ಎರಡನೆಯದು ನನ್ನ ಮಾತೇ ಅಲ್ಲ. ಬೈಸಿಕೊಳ್ಳುವುದು ಮಾತ್ರ ನಾನು!

ಮಂಡ್ಯದಲ್ಲಿ ಅಂಗವಿಕಲರಿಗೆ ಕಂಪ್ಯೂಟರ್ ಕಲಿಸುತ್ತಾರೆಂದು ತಿಳಿದಾಗ ಬಸ್ಸು ಹತ್ತಿಸಿಕೊಂಡು ಹೋದವಳೂ ಅವಳೇ. ಅಲ್ಲಿ ಕೈ ನಡುಗಿ, ಒಂದು ಗುಂಡಿ ಒತ್ತಲು ಹೋದರೆ ನಾಲ್ಕು ಒತ್ತಿಕೊಳ್ಳುತ್ತಿದ್ದವು. ಕಲಿಸುವವನು, "ಇವರಿಗೆ ಅರ್ಥ ಆಗ್ತಿಲ್ಲಮ್ಮ, ಕರ್ಕೊಂಡು ಹೋಗಿ" ಅಂದ. ನಾನು ಸಿಟ್ಟಿನಿಂದ ಗೊರಗುಟ್ಟಿದೆ. ಅತ್ತೆ ಕಿವಿಗೊಟ್ಟು ಕೇಳಿ, "ಮೇಜು ಎತ್ರ ಆಯ್ತಂತೆ, ಮೊಣಕೈ ಊರಕ್ಕಾಯ್ತಿಲ್ವಂತೆ. ಅರ್ಥ ಆಗ್ದೆ ಇರೋದು ಅವ್ನ್ಗಲ್ಲ ಕಣಪ್ಪ, ನಿಂಗೆ" ಅಂದಳು. ಅವನು ನಾಚಿ ನಕ್ಕ. ತಗ್ಗಿನ ಮೇಜು ತಂದು, ಗುಂಡಿಗಳ ಮೇಲೆ ತೂತುಗಳಿದ್ದ ತಟ್ಟೆಯೊಂದನ್ನು ಕೂರಿಸಿದ. ಬೆರಳು ತೂತಿಗೆ ಇಳಿದರೆ ಪಕ್ಕದ ಗುಂಡಿ ಒತ್ತಿಕೊಳ್ಳುವುದಿಲ್ಲ. ಹಾಗೆ ಕಲಿತೆ. ಈಗ ನಾನು ಬರೆದದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತದೆ. ನನ್ನ ಅನ್ನವೂ ಅದರಿಂದಲೇ. ಊರೆಲ್ಲ ನನ್ನ ಜೊತೆ ಮಾತಿಗೆ ಕೂತಿತು.

ಅತ್ತೆಗೆ ಮಾತ್ರ ಅದನ್ನು ಕಂಡರಾಗದು. "ಇದ್ಯಾವನ್ಲಾ ರೇಡಿಯೋದವ್ನು ನಮ್ಮಿಬ್ರ ಮಧ್ಯೆ? ಆಫ್ ಮಾಡು ಅತ್ಲಾಗೆ. ನನ್ ತಾವ ನಿನ್ ಗಂಟ್ಲಲ್ಲೇ ಮಾತಾಡು" ಅನ್ನುವಳು. ಆಫ್ ಮಾಡುತ್ತಿದ್ದೆ. ನನ್ನ ಗಂಟಲೂ ಒಂದು ಗಂಟಲು ಎಂದು ತಿಳಿದಿದ್ದವಳು ಅವಳೊಬ್ಬಳೇ.

ಹೋದ ವರ್ಷ ಎದೆನೋವೆಂದು ಮಲಗಿದವಳು ಏಳಲಿಲ್ಲ. ನನ್ನನ್ನು ಎತ್ತಿಕೊಂಡು ಹೋಗಿ ಹೆಣದ ಪಕ್ಕ ಕೂರಿಸಿದರು. ಕೂಗಿದೆ. ಮತ್ತೆ ಮತ್ತೆ ಕೂಗಿದೆ. ಅಳುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಏನೋ ಅಂತಾವ್ನಲ್ಲ, ಏನಂತೆ?" ಎಂದು ಅವಳ ಸೊಸೆ ಕೇಳಿದಳು. ಯಾರಿಗೂ ತಿಳಿಯಲಿಲ್ಲ. ನಮ್ಮವ್ವನಿಗೂ ತಿಳಿಯಲಿಲ್ಲ. ಅತ್ತೆಯ ಮಗ, ಪಾಪ, ಆ ದುಃಖದಲ್ಲೂ ಓಡಿಹೋಗಿ ನನ್ನ ಕಂಪ್ಯೂಟರ್ ತಂದು ತೊಡೆಯ ಮೇಲಿಟ್ಟ. "ಒಸಿ ಇದ್ರಲ್ಲಿ ಬರ್ದು ತೋರ್ಸಪ್ಪ" ಅಂದ.

ನಾನು ಒಂದು ಗುಂಡಿಯನ್ನೂ ಒತ್ತಲಿಲ್ಲ. ಅಷ್ಟು ಹೊತ್ತೂ ನಾನು ಕೂಗಿದ್ದು "ಅತ್ತೆ" ಅಂತ, ಅಷ್ಟೇ.