ನೀಲಿ ಹೆಣ್ಣನ್ನು ಒಪ್ಪದ ಮಿಸ್

ಏಪ್ರಿಲ್ ಬಿಸಿಲಿಗೆ ಬಿಳಿಕೆರೆಯ ಡಾಂಬರು ರಸ್ತೆ ಚಪ್ಪಲಿಗೆ ಅಂಟುವ ಕಾಲದಲ್ಲೂ ನಮ್ಮ ಸೈನ್ಸ್ ಮಿಸ್ ಸೀರೆಯ ಮೇಲೊಂದು ಕಂದು ಸ್ವೆಟರ್ ತೊಟ್ಟು, ಒಂದು ಗುಂಡಿಯನ್ನೂ ಬಿಡದೆ ಕುತ್ತಿಗೆಯವರೆಗೆ ಹಾಕಿಕೊಂಡು ಬರುತ್ತಿದ್ದರು. ಹಣೆಯ ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳುತ್ತಿದ್ದರೇ ಹೊರತು ಸ್ವೆಟರ್ ಬಿಚ್ಚುತ್ತಿರಲಿಲ್ಲ. ಅದರೊಳಗೆ ಏನಿದೆ ಎಂಬುದು ಇಡೀ ಹೈಸ್ಕೂಲಿನ ಅನುಮಾನ. ಪ್ರಶ್ನೆಪತ್ರಿಕೆ ಅಲ್ಲೇ ಬಚ್ಚಿಟ್ಟಿರುತ್ತಾರೆ ಎಂದು ಹುಡುಗರು ಹೇಳುತ್ತಿದ್ದರು. ಮೈತುಂಬ ಬಿಳಿ ಮಚ್ಚೆ ಇರಬೇಕು ಎಂದು ನಾನು ನಂಬಿಕೊಂಡಿದ್ದೆ.

ನಾವು ಅವರನ್ನು ಅನುಮಾನಿಸುತ್ತಿದ್ದುದು ದೊಡ್ಡದಲ್ಲ. ಅವರು ನಮ್ಮನ್ನು, ಪುಸ್ತಕವನ್ನು, ಬಸ್ಸಿನ ಬೋರ್ಡನ್ನು, ತರಕಾರಿಯವನು ಎಳೆಯದು ಎಂದು ಕೊಟ್ಟ ಬೆಂಡೆಕಾಯಿಯನ್ನು, ಎಲ್ಲವನ್ನೂ ಅನುಮಾನಿಸುತ್ತಿದ್ದರು. ಯಾರು ಏನು ಹೇಳಿದರೂ ಕನ್ನಡಕದ ಮೇಲಿನಿಂದ ನೋಡಿ "ಯಾರ್ ಹೇಳಿದ್ದು? ನೀನ್ ನೋಡಿದ್ಯಾ?" ಎನ್ನುವರು. ಎದುರಿಗೆ ಏನಿಟ್ಟರೂ ಮೊದಲು ಅದನ್ನು ತಿರುಗಿಸುವರು. ಎಲೆ ಕೊಟ್ಟರೆ ಬೆನ್ನು ನೋಡುವರು, ಡಸ್ಟರ್ ಕೊಟ್ಟರೆ ತಳ ನೋಡುವರು. "ಮುಂದ್ಗಡೆ ಎಲ್ಲಾ ಚೆನ್ನಾಗೇ ಇರ್ತದೆ, ತಿರುಗ್ಸಿ ನೋಡು" ಎಂಬ ಮಾತು ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು.

ಒಂಬತ್ತನೇ ತರಗತಿಯಲ್ಲಿ ಒಂದು ದಿನ ಎಲ್ಲರ ಕೈಗೂ ಒಂದೊಂದು ದಾಸವಾಳ ಕೊಟ್ಟು, ಸೀಳಿ ಒಳಗಿರುವುದನ್ನು ಬರೆಯಿರಿ ಎಂದರು. ಚಿತ್ರ ಬರೆಯುವುದರಲ್ಲಿ ನಾನು ಇಡೀ ಶಾಲೆಗೆ ಮುಂದಿದ್ದೆ, ಆ ಜಂಬವೂ ಇತ್ತು. ಐದು ಎಸಳು, ನಡುವೆ ಉದ್ದನೆಯ ಕೊಳವೆ, ತುದಿಯಲ್ಲಿ ಪರಾಗದ ಚುಕ್ಕಿಗಳು, ಅಚ್ಚು ಹಾಕಿದ ಹಾಗೆ ಬರೆದೆ. ಮಿಸ್ ಸೊನ್ನೆ ಕೊಟ್ಟರು. ನನಗೆ ಕಣ್ಣೀರೇ ಬಂತು. ಅವರು ನನ್ನ ಮೇಜಿನ ಮೇಲಿದ್ದ ಹೂವನ್ನೇ ಎತ್ತಿ ಮೂಗಿನ ಹತ್ತಿರ ಹಿಡಿದರು. ಅದು ಸುತ್ತು ದಾಸವಾಳ. ಎಸಳಿನೊಳಗೆ ಎಸಳು ಕಿಕ್ಕಿರಿದು ಕೊಳವೆ ಎಲ್ಲಿದೆಯೆಂದೇ ಕಾಣುವುದಿಲ್ಲ.

"ಇದ್ರಲ್ಲಿ ಐದು ಎಸಳು ಎಲ್ ಕಂಡೆ? ಇದು ಈ ಹೂವಲ್ಲ ಕಣೇ, ಪುಸ್ತಕದ್ ಹೂವು."

ಆ ಸೊನ್ನೆಯನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ. ಬೇಕೆಂದೇ ನನಗೆ ಸುತ್ತು ದಾಸವಾಳ ಕೊಟ್ಟಿದ್ದರೋ ಏನೋ ಎಂಬ ಅನುಮಾನ ಈಗಲೂ ಹೋಗಿಲ್ಲ.

ಮುಂದೆ ನಾನು ಮೈಸೂರಿನಲ್ಲಿ ಚಿತ್ರಕಲೆ ಓದಿ ಮುಗಿಸಿದೆ. ಕಂಪ್ಯೂಟರ್ ಆಟಗಳಿಗೆ ಪ್ರಾಣಿ, ರಾಕ್ಷಸ, ಬೇರೆ ಗ್ರಹದ ಜೀವಿಗಳನ್ನು ರೂಪಿಸಿಕೊಡುವ ಕಂಪನಿಯೊಂದು ಮನೆಯಿಂದಲೇ ಮಾಡುವ ಕೆಲಸಕ್ಕೆ ನನ್ನನ್ನು ಪರೀಕ್ಷೆಗೆ ತೆಗೆದುಕೊಂಡಿತು. ಒಂದು ಜೀವಿಯ ಗಂಡು, ಹೆಣ್ಣು ಎರಡನ್ನೂ ಮಾಡಿಕೊಡಬೇಕು, ಒಪ್ಪಿದರೆ ಕೆಲಸ ಕಾಯಂ. ಆಡುವವರು ಬಂದೂಕು ಹಿಡಿದು ಬೇಟೆಯಾಡುವ ಆ ಜೀವಿ ಬದುಕುವುದು ಕೆಸರು ಗ್ರಹದಲ್ಲಿ. ಮೊಣಕಾಲುದ್ದದ ಕೆಸರು, ಮುಳುಗುವಷ್ಟು ನೀರು, ನಾಲ್ಕು ಕೈ, ಮೊಟ್ಟೆಯಿಡುವ ಜಾತಿ. ಗಂಡಿಗೆ ಬೆನ್ನ ಮೇಲೆ ಚಿಪ್ಪು, ದವಡೆಯಲ್ಲಿ ಗರಗಸ, ಅಗಲ ಪಾದ ಎಲ್ಲ ಕೊಟ್ಟೆ. ಹೆಣ್ಣಿನ ಬಗ್ಗೆ ನಮ್ಮ ಲೀಡ್, ಅಂದರೆ ತಂಡದ ಮುಖ್ಯಸ್ಥ, ವಿಡಿಯೊ ಕರೆಯಲ್ಲಿ ಒಂದೇ ಮಾತು ಹೇಳಿದ್ದ: "ನೋಡಿದ ತಕ್ಷಣ ಹೆಣ್ಣು ಅಂತ ಗೊತ್ತಾಗ್ಬೇಕು."

ಗೊತ್ತಾಗುವ ಹಾಗೆ ಬರೆದೆ. ನೀಲಿ ಮೈ, ಹಿಡಿಯಷ್ಟು ಸೊಂಟ, ತುಂಬಿದ ಎದೆ, ದಪ್ಪ ತುಟಿ, ಉದ್ದ ರೆಪ್ಪೆ. ನಾಲ್ಕು ಕೈ ಇತ್ತು ಅನ್ನುವುದು ಬಿಟ್ಟರೆ ಯಾವ ಜಾಹೀರಾತಿನಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು.

ಬಸ್ ಸ್ಟಾಪಿನ ತಿಂಡಿ ಅಂಗಡಿ ಮುಚ್ಚಿಕೊಂಡು ಬಂದ ಅಮ್ಮ ಅದನ್ನು ನೋಡಿಬಿಟ್ಟಳು.

"ನಾಕ್ ಕೈಯಿ, ನೀಲಿ ಮೈಯಿ, ಮೈಮ್ಯಾಲೆ ಒಂದ್ ಚೂರ್ ಬಟ್ಟೆ ಇಲ್ಲ! ಅಮ್ನೋರ್ನ ಇಂಗೆ ಬರೀತಾರೇನೇ? ಕಣ್ಣೋಯ್ತವೆ!"

"ಅಮ್ನೋರಲ್ಲಮ್ಮ, ಬೇರೆ ಗ್ರಹದ ಹೆಣ್ಣು."

"ಯಾವ್ ಗ್ರಹನಾದ್ರೂ ಆಗ್ಲಿ, ಬಟ್ಟೆ ಬ್ಯಾಡ್ವಾ?"

ಅವತ್ತು ಸಂಜೆ ಕಂಪ್ಯೂಟರ್ ಪರದೆಗೆ ಕುಂಕುಮ ಹಚ್ಚಿ ತಪ್ಪುಕಾಣಿಕೆ ಮುಡಿಪು ಕಟ್ಟಿದಳು. ಬಾಗಿಲು ಹಾಕಿಕೊಂಡು ನಾನು ಮಾಡುವ ಕೆಲಸದ ಮೇಲೆ ಅವಳಿಗೆ ಮೊದಲಿಂದಲೂ ಅನುಮಾನವಿತ್ತು, ಈಗ ಗಟ್ಟಿಯಾಯಿತು. ತೀರ್ಪು ಕೇಳಲು ಅವಳು ಹೋದದ್ದು ಪೂಜಾರಿಯ ಹತ್ತಿರವಲ್ಲ, ಅಷ್ಟು ಹೊತ್ತಿಗೆ ರಿಟೈರಾಗಿ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದ ಮಿಸ್ ಹತ್ತಿರ. ಬಂದು ನನಗೆ ಹೇಳಿದಳು: "ಮಿಸ್ಸಮ್ಮೋರು ನೋಡಿ ಸರಿ ಅಂದ್ರೆ ಮಾಡ್ಕೊ. ಇಲ್ದಿದ್ರೆ ಆ ಇಂಟರ್ನೆಟ್ ವೈರ್ ಕಿತ್ತಾಕ್ತೀನಿ, ಸುಮ್ಕೆ ಬಿ.ಎಡ್. ಮಾಡ್ಕಂಡ್ ಸ್ಕೂಲ್ಗೋಗು."

ಹೀಗೆ ನನ್ನ ಕೆಲಸ ಮತ್ತೆ ಆ ಸೊನ್ನೆಯ ಕೈಗೆ ಬಂದು ಬಿತ್ತು.

ಮಿಸ್ ಬಂದರು, ಅದೇ ಸ್ವೆಟರಿನಲ್ಲಿ. ಕಾಫಿ ಲೋಟವನ್ನು ಸಹ ಎತ್ತಿ ತಳ ನೋಡಿ ಕುಡಿದರು. ಗಂಡು ಜೀವಿಯನ್ನು ನೋಡಿ "ಪರ್ವಾಗಿಲ್ಲ, ಯೋಚ್ನೆ ಮಾಡಿದ್ದೀಯ" ಎಂದರು. ನನಗೆ ಸ್ವಲ್ಪ ಉಸಿರು ಬಂತು. ಆಮೇಲೆ ಹೆಣ್ಣನ್ನು ನೋಡಿದರು.

"ಮೊಟ್ಟೆ ಇಡೋ ಜಾತಿ ಅಂದ್ಯಲ್ಲ?"

"ಹೂಂ ಮಿಸ್."

"ಮತ್ತೆ ಈ ಮೊಲೆ ಯಾಕೆ? ಯಾರಿಗ್ ಹಾಲು ಕುಡ್ಸಕ್ಕೆ? ಕೋಳಿಗೆ ಮೊಲೆ ನೋಡಿದ್ದೀಯಾ?"

ಅವರ ಬೆರಳು ಪರದೆಯ ಮೇಲೆ ಅವಳ ಪಾದಕ್ಕೆ ಇಳಿಯಿತು.

"ಕೆಸರಲ್ಲಿ ಇರ್ತದೆ ಅಂತೀಯ, ಹಿಮ್ಮಡಿ ಎತ್ಕೊಂಡು ನಿಂತವ್ಳೆ. ಹೂತ್ಕೊಳಲ್ವಾ? ಗಂಡಿಗೆ ಚಿಪ್ಪು ಕೊಟ್ಟಿದ್ದೀಯ, ಇವ್ಳಿಗ್ ಯಾಕಿಲ್ಲ? ಇವ್ಳನ್ನ ಯಾರೂ ತಿನ್ನಕ್ ಬರಲ್ವಾ? ಇಷ್ಟ್ ಸೊಂಟದಲ್ಲಿ ಮೊಟ್ಟೆ ಎಲ್ಲಿಟ್ಕೊತಾಳೆ?"

"ಮಿಸ್, ಇದು ಆಟ. ನೋಡೋರಿಗೆ ಹೆಣ್ಣು ಅಂತ ಗೊತ್ತಾಗ್ಬೇಕಲ್ಲ."

"ನೋಡೋರಿಗೆ!" ಎಂದು ಕನ್ನಡಕ ತೆಗೆದರು. "ಅದೇ ನಂಗೂ ಅನುಮಾನ ಬಂದಿದ್ದು. ಇವ್ಳು ಆ ಗ್ರಹದ್ ಹೆಣ್ಣಲ್ಲ ಕಣೇ, ನೋಡೋರ್ ಹೆಣ್ಣು. ಮತ್ತೆ ಪುಸ್ತಕದ್ ಹೂವೇ ಬರ್ದಿದ್ದೀಯ."

ಅಮ್ಮ ಬಾಗಿಲ ಸಂದಿಯಲ್ಲೇ ನಿಂತಿದ್ದಳು. "ಏನಂತೀರಿ ಮಿಸ್ಸಮ್ಮ? ವೈರ್ ಕೀಳನಾ?"

"ತಡಿಯಮ್ಮ. ಇನ್ನೂ ಮಾರ್ಕ್ಸ್ ಕೊಟ್ಟಿಲ್ಲ" ಎಂದು ಎದ್ದು ಹೋದರು.

ಆ ರಾತ್ರಿ ಸಿಟ್ಟಿನಲ್ಲಿ ಊಟ ಸೇರಲಿಲ್ಲ. ಮದುವೆಯಾಗದ, ಮೈ ಮುಚ್ಚಿಕೊಂಡೇ ಬದುಕಿದ ಹೆಂಗಸಿಗೆ ಚೆಂದದ ಹೆಣ್ಣನ್ನು ಕಂಡರೆ ಹೊಟ್ಟೆಯುರಿ ಇರಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮುಂದಿನ ಭಾನುವಾರ ಅವರು ತವರೂರು ಮಿರ್ಲೆಗೆ ಹೋಗಿ, ಕೆ.ಆರ್. ನಗರದ ಬಸ್ಸಿನಲ್ಲಿ ಒಂದು ಸ್ಟೀಲ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿದ್ದರು. ನೇರ ನನ್ನ ಕೋಣೆಗೆ ಬಂದು ಕೀಬೋರ್ಡಿನ ಪಕ್ಕದಲ್ಲಿ ಡಬ್ಬ ತೆರೆದರು. ಒಳಗೆ ಗದ್ದೆಯ ಏಡಿಗಳು ಒಂದರ ಮೇಲೊಂದು ಹತ್ತುತ್ತಿದ್ದವು.

"ಇದ್ರಲ್ ಹೆಣ್ಣು ಯಾವ್ದು?"

ಎಲ್ಲವೂ ಒಂದೇ ಬಣ್ಣ, ಒಂದೇ ಮುಖ. ನಾನು ಇಕ್ಕಳದಂಥ ಕೊಂಬು ಸಣ್ಣದಾಗಿದ್ದ ಒಂದನ್ನು ತೋರಿಸಿದೆ. ಏಡಿ ಎಂಬ ಮಾತು ಕಿವಿಗೆ ಬಿದ್ದು ಸಾರು ಮಾಡಲು ಪಾತ್ರೆ ಹಿಡಿದೇ ಬಂದ ಅಮ್ಮ, ಯಾರೂ ಕೇಳದೆ ಒಂದೊಂದನ್ನೇ ಹಿಂದಿನಿಂದ ಹಿಡಿದು ಹೊಟ್ಟೆ ಮೇಲೆ ಮಾಡಿ ನೋಡಿ ಪಾತ್ರೆಗೆ ಹಾಕತೊಡಗಿದಳು. ಒಂದನ್ನು ಮಾತ್ರ ವಾಪಸ್ ಡಬ್ಬಕ್ಕೆ ಬಿಟ್ಟಳು.

"ಇದ್ ಬಾಣಂತಿ ಕಣ್ರಿ. ಸಾರಿಗಾಕಂಗಿಲ್ಲ, ನೀರಿಗ್ ಬುಡ್ಬೇಕು."

ನಮ್ಮ ಕಡೆ ಮನೆಗಳಲ್ಲಿ ಇದೊಂದು ಪದ್ಧತಿ. ಮರಿ ಹೊತ್ತ ಏಡಿಯನ್ನು ಬೇಯಿಸುವುದಿಲ್ಲ. ನಾನು ಚಿಕ್ಕಂದಿನಿಂದ ತಿಂದವಳೇ ಹೊರತು ತಿರುಗಿಸಿ ನೋಡಿದವಳಲ್ಲ. ಮಿಸ್ ಅದನ್ನು ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು. ಹೊಟ್ಟೆಯ ಕೆಳಗೆ ಅಂಗೈ ಮಡಿಚಿದ ಹಾಗೆ ಅಗಲವಾದೊಂದು ಮಡಿಕೆ. ಅದರೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಳು ಕಾಲಾಡಿಸುತ್ತಿದ್ದವು. ಗಂಡಿನ ಮಡಿಕೆ ಚೂಪಾಗಿ, ಸಣ್ಣದಾಗಿ ಇತ್ತು. ಮುಂದಿನಿಂದ ಅವೆರಡಕ್ಕೂ ನನಗೆ ಏನೂ ವ್ಯತ್ಯಾಸ ಕಂಡಿರಲಿಲ್ಲ.

ಅಮ್ಮ ಪರದೆಯ ಕಡೆ ನೋಡಿ, "ನಿನ್ ಈ ನೀಲಿಯೋಳು ಮರಿ ಎಲ್ಲೇ ಹೊತ್ಕತಾಳೆ?" ಎಂದಳು. ಅವಳ ದನಿಯಲ್ಲಿ ಅಮ್ನೋರ ಭಯ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳುವ ಕುತೂಹಲವಿತ್ತು.

ಅಮ್ಮ ಏಡಿ ತೊಳೆಯಲು ಹಿತ್ತಿಲಿಗೆ ಹೋದಳು. ನಾನು ಸೋಲೊಪ್ಪದೆ, "ಚಿಪ್ಪು ಹಾಕ್ತೀನಿ ಮಿಸ್, ಸೊಂಟಾನೂ ದಪ್ಪ ಮಾಡ್ತೀನಿ. ಆದ್ರೆ ಎದೆ ತೆಗೆದ್ರೆ ಯಾರೂ ಹೆಣ್ಣು ಅಂತ ಒಪ್ಪಲ್ಲ" ಎಂದೆ.

ಮಿಸ್ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಸ್ವೆಟರಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಸೆರಗು ಸರಿಸಿದರು. ರವಿಕೆಯ ಎಡಗಡೆ ಚಪ್ಪಟೆಯಾಗಿತ್ತು.

"ಕೆಲ್ಸಕ್ ಸೇರಿದ್ ಹೊಸದ್ರಲ್ಲಿ ಗಂಟಾಯ್ತು, ಆಪರೇಷನ್ ಮಾಡಿ ತೆಗುದ್ರು. ಗೊತ್ತಾಗಿದ್ ದಿನಾನೇ ಒಪ್ಕೊಂಡಿದ್ ಗಂಡಿನ್ ಕಡೆಯೋರು ಬೇಡ ಅಂದ್ಬುಟ್ರು. ಈಗ್ ಹೇಳು, ನಿನ್ ಕಂಪ್ನಿಯೋರ್ ಲೆಕ್ಕದಲ್ಲಿ ನಾನು ಹೆಣ್ಣಾ, ಅಲ್ವಾ?"

ನನಗೆ ಅಳು ಬಂತು, ನಾಚಿಕೆಯೂ ಆಯಿತು. ಅವರು ಅಳಲಿಲ್ಲ. ಗುಂಡಿಗಳನ್ನು ಮತ್ತೆ ಕುತ್ತಿಗೆಯವರೆಗೆ ಹಾಕಿಕೊಂಡರು.

"ನಾನ್ ಇರೋತಂಕ ಯಾರ್ಗೂ ಹೇಳ್ಬೇಡ. ಹೋದ್ಮೇಲ್ ಬೇಕಾದ್ರೆ ಬರ್ಕೊ. ಅಲ್ಲೀತಂಕ ಜನಕ್ಕೆ ಅನುಮಾನಾನೇ ಇರ್ಲಿ, ಕನಿಕರಕ್ಕಿಂತ ಅದೇ ವಾಸಿ."

ಆ ವಾರವೆಲ್ಲ ನಾನು ಹಳೆಯದನ್ನು ಅಳಿಸಿ ಹೊಸದು ಮಾಡಿದೆ. ನನ್ನ ಹೆಣ್ಣು ಗಂಡಿಗಿಂತ ದೊಡ್ಡವಳಾದಳು. ಕೆಸರಿನ ಬಣ್ಣ, ಅಗಲ ಪಾದ, ಗಂಡಿನದಕ್ಕಿಂತ ದಪ್ಪ ಚಿಪ್ಪು. ಎದೆ ಇಲ್ಲ, ತುಟಿ ಇಲ್ಲ. ಹೊಟ್ಟೆಯ ಕೆಳಗೆ ಅಗಲವಾದ ಮಡಿಕೆ, ಅದರ ಅಂಚಿನಿಂದ ಇಣುಕುವ ಮರಿಗಳು. ಸಂಜೆ ಅಂಗಡಿ ಮುಚ್ಚಿ ಬರುತ್ತಿದ್ದ ಅಮ್ಮ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು, ಆ ಕಾಲು ಇನ್ನಷ್ಟು ಗಟ್ಟಿ ಇರಲಿ, ಮರಿ ಜಾರಿ ಬಿದ್ದಾವು ಎಂದು ಹೇಳತೊಡಗಿದಳು. ವೈರ್ ಕೀಳುವ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ, ಮಿಸ್ ಅಭಿಪ್ರಾಯ ಮಾತ್ರ ಬಾಕಿ ಇತ್ತು.

ಲೀಡ್ ಪರದೆಯ ಮೇಲೆ ಅದನ್ನು ಕಂಡು ಹುಬ್ಬು ಗಂಟಿಕ್ಕಿದ. "ಇದು ಹೆಣ್ಣು ಅಂತ ಹೇಗ್ರೀ ಗೊತ್ತಾಗುತ್ತೆ?" ಎಂದ. ನಾನು ಅವಳನ್ನು ನಿಧಾನವಾಗಿ ತಿರುಗಿಸಿದೆ. ಮಡಿಕೆ ಕಂಡಿತು, ಮರಿಗಳು ಕಂಡವು. ಅವನು "ಇದಕ್ಕೆ ಗುಂಡು ಹೊಡೆಯೋಕೆ ಆಡೋರಿಗೆ ಮನಸ್ಸು ಬರಲ್ಲ" ಎಂದ. ಹೊಗಳಿದನೋ ತೆಗಳಿದನೋ ತಿಳಿಯಲಿಲ್ಲ. ಕಣ್ಣಿಗೆ ರೆಪ್ಪೆಯಾದರೂ ಹಾಕಿ ಎಂದು ಎರಡು ಸಲ ಕೇಳಿದ. ಕೆಸರು ನೀರಿನೊಳಗೆ ಬದುಕುವವಳಿಗೆ ಆ ರೆಪ್ಪೆ ಏಕೆ ಎಂದು ನಾನೂ ಎರಡು ಸಲ ಕೇಳಿದೆ. ಕಡೆಗೆ ರೆಪ್ಪೆ ಇಲ್ಲದೆಯೇ ಒಪ್ಪಿದರು. ಕೆಲಸ ಕಾಯಂ ಆಯಿತು.

ಅಷ್ಟರಲ್ಲಿ ಮಿಸ್ ಮೈಸೂರಿನ ಆಸ್ಪತ್ರೆ ಸೇರಿದ್ದರು. ಹಳೆಯ ಕಾಯಿಲೆ ಬೇರೆ ಕಡೆ ತಲೆ ಎತ್ತಿತ್ತು. ಲ್ಯಾಪ್‌ಟಾಪ್ ಒಯ್ದು ಮಂಚದ ಮೇಲಿಟ್ಟೆ. ತಾವೇ ಅವಳನ್ನು ಸುತ್ತ ತಿರುಗಿಸಿದರು. ತುಂಬ ಹೊತ್ತು ನೋಡಿದರು.

"ನೀರೊಳಗ್ ಮುಳುಗ್ದಾಗ ಮಡಿಕೆ ಮುಚ್ಕೊತಾಳಲ್ಲ, ಮರಿಗ್ ಉಸ್ರು ಎಲ್ಲಿಂದ?"

"ಗೊತ್ತಿಲ್ಲ ಮಿಸ್. ಯೋಚ್ನೆ ಮಾಡಿಲ್ಲ."

"ಮಾಡು" ಎಂದರು. ಪಕ್ಕದಲ್ಲಿ ಕೂತಿದ್ದ ಅಮ್ಮನ ಕಡೆ ತಿರುಗಿ, "ಪಾಸು ಕಣಮ್ಮ. ಪೂರ್ತಿ ಮಾರ್ಕ್ಸ್ ಕೊಡಲ್ಲ, ಪಾಸು" ಎಂದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಟ ಹೊರಬಂದ ಮೇಲೆ ಇಂಟರ್ನೆಟ್ಟಿನಲ್ಲಿ ಗುರುತಿಲ್ಲದ ಎಷ್ಟೋ ಜನ ಅವಳ ಚಿತ್ರದ ಕೆಳಗೆ ಜಗಳವಾಡಿಕೊಂಡರು. ಇದು ಹೆಣ್ಣಾ, ಯಾರು ಹೇಳಿದ್ದು, ಮೋಸ ಮಾಡಿದ್ದಾರೆ ಎಂದೆಲ್ಲ ಬರೆದರು. ನಾನು ಯಾರಿಗೂ ಉತ್ತರಿಸಲಿಲ್ಲ. ಅವಳ ಮಡಿಕೆಯ ಅಂಚಿಗೆ ಮೀನಿನ ಕಿವಿರಿನಂಥ ಸೀಳುಗಳನ್ನು ಮಾತ್ರ ಕೊಟ್ಟಿದ್ದೆ, ಮರಿಗಳಿಗೆ ಉಸಿರು ಬರಲಿ ಎಂದು. ಅದನ್ನು ನೋಡಲು ಮಿಸ್ ಇರಲಿಲ್ಲ.

ಅವರು ತೀರಿಕೊಂಡ ದಿನ ಮೀಯಿಸಲು ಬೀದಿಯ ಹೆಂಗಸರೇ ಸೇರಿದ್ದರು, ಅಮ್ಮನೂ ಇದ್ದಳು. ನಾನು ನೀರು ಕಾಯಿಸಿ ಕೊಡುತ್ತಿದ್ದೆ. ಅಡ್ಡ ಕಟ್ಟಿದ ಸೀರೆಯ ಮರೆಯ ಒಳಗೆ ಒಮ್ಮೆಲೇ ಮಾತು ನಿಂತಿತು. ಆಮೇಲೆ ಒಬ್ಬಾಕೆಯ ಪಿಸುಮಾತು ಕೇಳಿತು: "ಅದ್ಕೇ ಮದ್ವೆ ಆಗಿಲ್ಲ ನೋಡು. ಇವ್ರುದ್ದು ಹೆಣ್ ಜನ್ಮ ಅನ್ನದಾ, ಏನನ್ನದು?"

ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಅವಳಿಗೂ ಈಗಲೇ ತಿಳಿದದ್ದು.

"ಈ ಊರ್ನಲ್ ನಿನ್ ಮಕ್ಳು ನನ್ ಮಕ್ಳು ಎಲ್ಲಾರ್ನೂ ಸಾಕಿರೋ ಹೆಣ್ಣು ಕಣಮ್ಮಿ ಇದು" ಎಂದಳು ಅಮ್ಮ. "ಬಾಯ್ ಮುಚ್ಕಂಡ್ ನೀರುಯ್ಯಿ."

ಹೊಸ ಸೀರೆ ಉಡಿಸಿಯಾದ ಮೇಲೆ ಅಮ್ಮ ಹೊರಗೆ ಬಂದು ಆ ಕಂದು ಸ್ವೆಟರ್ ಕೇಳಿದಳು. ಹೆಣಕ್ಕೆ ಹೊಲಿದ ಬಟ್ಟೆ ಹಾಕುವುದಿಲ್ಲ, ಪದ್ಧತಿಯಲ್ಲ ಎಂದು ಹಿರಿಯರೊಬ್ಬರು ತಡೆದರು. ಅಮ್ಮ ಕೇಳಲಿಲ್ಲ. ಒಳಗೆ ಹೋಗಿ ಮಿಸ್‌ಗೆ ಅದನ್ನು ತೊಡಿಸಿ, ಕೆಳಗಿನಿಂದ ಕುತ್ತಿಗೆಯವರೆಗೆ ಒಂದು ಗುಂಡಿಯನ್ನೂ ಬಿಡದೆ ಹಾಕಿದಳು.