ಕುಬ್ರಾ ಟೀಚರ್ ಅನುಮಾನ

ತರೀಕೆರೆಯ ಸೈಕಲ್ ಅಂಗಡಿ ಗುಲಾಮ್ ಮೊಹಿದ್ದೀನ್ ಅವರ ಮಗಳು ಕುಬ್ರಾ, ಬಿ.ಎ. ಮುಗಿಸಿ ಎಪ್ಪತ್ತಾರರಲ್ಲಿ ಊರಿನ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಟೀಚರಾಗಿ ಸೇರಿದಳು. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ಕನ್ನಡ. ಇಂಗ್ಲಿಷನ್ನು ಮಾತ್ರ ಅವಳು ಪುಸ್ತಕದಿಂದಲೇ ಕಲಿತದ್ದು. ಒಂದೇ ಅರ್ಥದ ಪದಗಳನ್ನು ಜೋಡಿ ಮಾಡಿ ಬೋರ್ಡಿನ ಮೇಲೆ ಬರೆಯುವುದು ಅವಳ ಪಾಠದ ರೀತಿ. ಡೌಟ್ ಎಂದರೆ ಅನುಮಾನ, ಸಸ್ಪೆಕ್ಟ್ ಎಂದರೂ ಅನುಮಾನ. ಹುಡುಗಿಯರು ರಾಗವಾಗಿ ಒಪ್ಪಿಸುತ್ತಿದ್ದರು.

ಎರಡನೇ ವರ್ಷ ಶಾಲೆಯ ಹಿತ್ತಾಳೆ ಗಂಟೆ ಕಾಣೆಯಾಯಿತು. ಹಿಂದಿನ ಸಂಜೆ ಅದನ್ನಿಡುವ ಕೋಣೆಗೆ ಬೀಗ ಹಾಕಿದವಳು ಆಯಾ ಅಂಜಿನಮ್ಮ. ಅಮೃತಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಕುಬ್ರಾಳಿಗೆ ತಾಯಿಯ ವಯಸ್ಸಿನ ಹೆಂಗಸು. ಹೆಡ್‌ಮಿಸ್ಟ್ರೆಸ್ ಮದ್ರಾಸಿನವರು, ಕನ್ನಡ ಬಾರದು. ಅಂಜಿನಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡು, ಇವಳೇ ತೆಗೆದಿರಬಹುದೇ ಎಂದು ಅವರು ಕುಬ್ರಾಳನ್ನು ಇಂಗ್ಲಿಷಿನಲ್ಲಿ ಕೇಳಿದರು.

ಇವಳು ತೆಗೆದಿದ್ದಾಳೆ ಅನ್ನುವುದೇ ಅನುಮಾನ, ನಾನು ನಂಬುವುದಿಲ್ಲ. ಕುಬ್ರಾ ಹೇಳಬೇಕೆಂದಿದ್ದು ಇಷ್ಟು. ಡೌಟ್ ಎಂದಿದ್ದರೆ ಸಾಕಿತ್ತು. ಆದರೆ ಅದು ಮಕ್ಕಳೂ ಆಡುವ ಪದ. ಹೆಡ್‌ಮಿಸ್ಟ್ರೆಸ್ ಮುಂದೆ ಸ್ವಲ್ಪ ತೂಕದ ಪದವೇ ಇರಲಿ ಅನ್ನಿಸಿತು.

"ಐ ಸಸ್ಪೆಕ್ಟ್ ಶೀ ಟುಕ್ ಇಟ್, ಮೇಡಂ."

ಹೆಡ್‌ಮಿಸ್ಟ್ರೆಸ್ ತಲೆದೂಗಿದರು. ಟೀಚರಮ್ಮ ತನ್ನ ಪರವಾಗಿ ಮಾತಾಡಿದರೆಂದುಕೊಂಡು ಅಂಜಿನಮ್ಮ ಕುಬ್ರಾಳಿಗೆ ಕೈಮುಗಿದಳು.

ಮರುದಿನ ಅಂಜಿನಮ್ಮ ಬರಲಿಲ್ಲ. ಅವಳನ್ನು ಕೆಲಸದಿಂದ ತೆಗೆದರೆಂದು ತಿಳಿದು ಕುಬ್ರಾ ಆಫೀಸಿಗೆ ಓಡಿದಳು. "ನೀವೇ ಹೇಳಿದಿರಲ್ಲ?" ಎಂದು ಹೆಡ್‌ಮಿಸ್ಟ್ರೆಸ್ ಆಶ್ಚರ್ಯಪಟ್ಟರು. ಆಮೇಲೆ ಬಿಡಿಸಿ ಹೇಳಿದರು: ನೀವು ಡೌಟ್ ಎಂದಿದ್ದರೆ ತೆಗೆದಿರಲಾರಳು ಎಂದಾಗುತ್ತಿತ್ತು, ಸಸ್ಪೆಕ್ಟ್ ಎಂದಿರಿ, ಅಂದರೆ ಅವಳೇ ತೆಗೆದಿರಬೇಕು ಎಂದು. ಇಂಗ್ಲಿಷ್ ಟೀಚರಿಗೇ ಇಂಗ್ಲಿಷ್ ಬಾರದು ಎಂದು ಹೇಗೆ ಒಪ್ಪಿಕೊಳ್ಳುವುದು? "ಸರಿ ಮೇಡಂ" ಎಂದಷ್ಟೇ ಹೇಳಿ ಹೊರಬಂದಳು.

ಒಂದು ವಾರ ಅವಳಿಗೆ ಊಟ ಸೇರಲಿಲ್ಲ. ಕೊನೆಗೆ ತಾಯಿ ಸುಗ್ರಾಬಿಯ ಹತ್ತಿರ ಬಾಯಿಬಿಟ್ಟಳು. ನಿನ್ನ ಮರ್ಯಾದೆ ಉಳಿಸಿಕೊಳ್ಳೋಕೆ ಆ ಬಡವಿ ಕಳ್ಳಿ ಆಗಬೇಕಾ ಎಂದು ತಾಯಿ ದಖ್ಖನಿಯಲ್ಲಿ ಬೈದರು. ಮರುದಿನವೇ ಕುಬ್ರಾ ತಪ್ಪೊಪ್ಪಿಕೊಂಡಳು. ಅಂಜಿನಮ್ಮ ಮತ್ತೆ ಬರಲಿ ಎಂದರು ಹೆಡ್‌ಮಿಸ್ಟ್ರೆಸ್. ಸಂಜೆ ಕುಬ್ರಾ ಅಮೃತಾಪುರದ ಬಸ್ಸು ಹತ್ತಿದಳು.

"ಬನ್ನಿ ಟೀಚರಮ್ಮ" ಎಂದಳು ಅಂಜಿನಮ್ಮ. ಕೂರಲು ಹೇಳಲಿಲ್ಲ. ಕುಬ್ರಾ ನಿಂತೇ ಎಲ್ಲ ಹೇಳಿದಳು.

"ನಾನು ನಿಮ್ಗೆ ಕೈ ಮುಗ್ದೆ ಕಣಮ್ಮ" ಎಂದಳು ಅಂಜಿನಮ್ಮ. "ಕೆಲ್ಸಕ್ಕೆ ಬತ್ತೀನಿ. ಆದ್ರೆ ಇಲ್ಲಿ ಎಲ್ರೂ ನನ್ನ ಕಳ್ಳಿ ಅಂತಾವ್ರೆ. ಈಗ ಹೇಳಿದ್ದನ್ನ ಬೀದೀಲೂ ಹೇಳ್ಬಿಡಿ" ಎಂದಳು.

ಬೋರ್‌ವೆಲ್ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಕುಬ್ರಾ ತಲೆಯ ಮೇಲಿನ ಸೆರಗು ಎಳೆದುಕೊಂಡು ಅವರ ಮುಂದೆ ನಿಂತಳು.

"ಅಂಜಿನಮ್ಮ ಏನೂ ತೆಗೆದಿಲ್ಲ. ನಂಗೇ ಇಂಗ್ಲಿಷ್ ಸರಿಯಾಗಿ ಬರಲ್ಲ. ಉಲ್ಟಾ ಹೇಳ್ಬಿಟ್ಟೆ."

ಜಗಲಿಯ ಮೇಲಿದ್ದ ಮುದುಕ ಬೆನಕಪ್ಪ ನಕ್ಕ. "ಹಂಗಾರೆ ಮಕ್ಳಿಗೆ ಏನ್ ಕಲಿಸ್ತೀಯವ್ವ ನೀನು?"



ಸೋಮವಾರ ಅಂಜಿನಮ್ಮ ಕೆಲಸಕ್ಕೆ ಬಂದಳು. ಗಂಟೆ ಸಿಗಲೇ ಇಲ್ಲ, ಹೊಸದು ತಂದರು. ಕುಬ್ರಾ ತರಗತಿಯಲ್ಲಿ ತನ್ನ ಹಳೆಯ ಪಾಠ ತಪ್ಪೆಂದು ಹೇಳಿ, ಎರಡು ಪದಗಳನ್ನೂ ಬೇರೆ ಬೇರೆ ವಾಕ್ಯದಲ್ಲಿ ಹಾಕಿ ತೋರಿಸಿದಳು. ಅಂಜಿನಮ್ಮ ಮೊದಲಿನಂತೆ ನಗುತ್ತಿದ್ದಳು, ಒಮ್ಮೊಮ್ಮೆ ಬೇಯಿಸಿದ ಗೆಣಸು ತಂದುಕೊಡುತ್ತಿದ್ದಳು. ಆದರೆ ಟೀಚರುಗಳು ಇಂಗ್ಲಿಷಿನಲ್ಲಿ ಮಾತಿಗೆ ತೊಡಗಿದರೆ ಕಸಗುಡಿಸುವುದನ್ನು ನಿಲ್ಲಿಸಿ ಕುಬ್ರಾಳ ಮುಖವನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಕುಬ್ರಾಳಿಗೆ, ಎಂಬತ್ತೈದರಲ್ಲಿ ಅಂಜಿನಮ್ಮ ಕೆಲಸ ಬಿಡುವವರೆಗೂ, ಒಗ್ಗಿಕೊಳ್ಳಲಾಗಲಿಲ್ಲ.