ಎದೆ ಒತ್ತಿದವಳು ನಾನೇ

ಎರಡು ವರ್ಷದ ಹಿಂದಿನ ಮಾತು. ತಿಪಟೂರು ಕಡೆಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಾರ್ಡಿಗೆ ನಾನು ಆಗಷ್ಟೇ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಬಡ್ತಿ ಅಂದರೆ ಖುಷಿಪಡಬೇಕು ತಾನೆ? ಅದುವರೆಗೆ ನನ್ನ ಹೆಗಲ ಮೇಲೆ ಕೈ ಹಾಕಿ ಹರಟುತ್ತಿದ್ದವರೆಲ್ಲ ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲಿಸುತ್ತಿದ್ದರು. ಅವರನ್ನು ದೂರುವಂತೆಯೂ ಇಲ್ಲ. ರಜಾ ಕೊಡದವಳು ನಾನು, ಬೈಯುವವಳೂ ನಾನು. ಆದರೂ ಬೇಜಾರಾಗುತ್ತಿತ್ತು.

ಹಾಲ್ಕುರಿಕೆಯ ಶೋಭಾ ಎಂಬ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಕೈ ಬಲು ಚುರುಕು, ಜೀವ ಮಾತ್ರ ಪುಕ್ಕಲು. ರಕ್ತಕ್ಕೆ ಹೆದರುತ್ತಿರಲಿಲ್ಲ, ರೋಗಿಯ ಕಡೆಯವರ ಕೂಗಾಟಕ್ಕೆ ಹೆದರುತ್ತಿದ್ದಳು. "ಈ ಕೆಲ್ಸ ನಂಗಾಗಲ್ಲ ಮೇಡಂ, ಬಿಟ್ಬುಡ್ತೀನಿ" ಎಂದು ಆಗಾಗ ಅನ್ನುತ್ತಿದ್ದಳು. ಅಂಥ ಹುಡುಗಿಯನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಒಂದು ಮಧ್ಯಾಹ್ನ, ಎಳನೀರು ಕೀಳಲು ತೆಂಗಿನ ಮರ ಹತ್ತಿ ಬಿದ್ದವನೊಬ್ಬನನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ತಂದರು. ನಮ್ಮ ಕಡೆ ಹೀಗೇ, ಆಂಬುಲೆನ್ಸಿಗೆ ಕಾಯುವ ತಾಳ್ಮೆ ಯಾರಿಗೂ ಇಲ್ಲ. ತರುವಾಗಲೇ ನಾಡಿ ಇರಲಿಲ್ಲ. ಶೋಭಾ ತಡಮಾಡದೆ ಎರಡೂ ಕೈ ಜೋಡಿಸಿ ಅವನ ಎದೆ ಒತ್ತತೊಡಗಿದಳು. ನಾನು ಉಸಿರು ಕೊಡುವ ಚೀಲ ಹಿಡಿದೆ. ಡಾಕ್ಟರೂ ಓಡಿ ಬಂದರು. ಏನು ಮಾಡಿದರೂ ಜೀವ ಮರಳಲಿಲ್ಲ.

ಬೈಕಿನಲ್ಲಿ ತಂದವರು ಪರದೆಯ ಸಂದಿಯಿಂದ ಇಷ್ಟನ್ನೂ ನೋಡಿದ್ದರು. ಹೊರಗೆ ಹೋಗಿ, "ನರ್ಸಮ್ಮ ಎದೆ ಅಮುಕಿ ಅಮುಕಿ ಸಾಯ್ಸ್ಬುಟ್ಲು" ಎಂದು ಸಾರಿದರು. ಊರೇ ಬಂದು ಸೇರಿತು. "ಯಾರವ್ಳು? ಈಚೆ ಕಳ್ಸಿ!" ಎಂದು ಬಾಗಿಲು ಗುದ್ದತೊಡಗಿದರು. ಡಾಕ್ಟರು ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಶೋಭಾ ಔಷಧಿ ಕಪಾಟಿನ ಪಕ್ಕ ಮುದುಡಿ ಕೂತಿದ್ದಳು. ನಾವೆಲ್ಲ ಮಾಸ್ಕ್ ಹಾಕಿದ್ದರಿಂದ ಒತ್ತಿದವಳ ಮುಖ ಅವರಿಗೆ ಗೊತ್ತಿರಲಿಲ್ಲ.

ಒಳಗಿನಿಂದ ಚಿಲಕ ಹಾಕಿಕೊಳ್ಳಿ ಎಂದು ಹೇಳಿ ನಾನೊಬ್ಬಳೇ ಹೊರಗೆ ಹೋದೆ. ಬೆನ್ನ ಹಿಂದೆ ಚಿಲಕ ಬಿದ್ದ ಸದ್ದು ಕೇಳಿಸಿತು. ಅಷ್ಟು ಒಂಟಿ ಎಂದು ನನಗೆ ಹಿಂದೆಂದೂ ಅನ್ನಿಸಿರಲಿಲ್ಲ.

"ಒತ್ತಿದೋಳು ನಾನೇ" ಅಂದೆ.

ಸತ್ತವನ ತಮ್ಮ ಕೈ ಎತ್ತಿಕೊಂಡು ಬಂದ. ಅವರ ತಂದೆ ಅವನ ರಟ್ಟೆ ಹಿಡಿದರು. "ತಡೀಲಾ... ಯಾಕವ್ವಾ ಒತ್ತಿದೆ?"

"ನಿಂತೋಗಿದ್ದ ಉಸ್ರು ತಿರ್ಗಾ ಬರ್ಲಿ ಅಂತ ಕಣಪ್ಪ. ನನ್ ತಮ್ಮ ಆಗಿದ್ರೂ ಹಂಗೇ ಒತ್ತಿರೋಳು. ಬರ್ಲಿಲ್ಲ."

ತಂದೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ಗೋಳೋ ಎಂದು ಅತ್ತರು. ಮತ್ತೆ ಯಾರೂ ಕೈ ಎತ್ತಲಿಲ್ಲ.

ಶೋಭಾ ಇನ್ನು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಮರುದಿನ ಬಂದಳು. "ನಿಮ್ಗೆ ಒಂಚೂರೂ ಹೆದ್ರಿಕೆ ಆಗ್ಲಿಲ್ವಾ ಮೇಡಂ?" ಎಂದು ಕೇಳಿದಳು.

"ಹೆದ್ರಿಕೆ ಯಾಕ್ ಕಣೇ? ಹೋಗು, ಕೆಲ್ಸ ನೋಡು" ಅಂದೆ.

ಹಿಂದಿನ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ನಮ್ಮೂರು ಅರಳಗುಪ್ಪೆ ಬರುವವರೆಗೂ ಅತ್ತಿದ್ದೆ. ಅದನ್ನು ಹೇಳಿದ್ದರೆ ಹುಡುಗಿ ಅವತ್ತೇ ಗಂಟುಮೂಟೆ ಕಟ್ಟುತ್ತಿದ್ದಳು.

ಈಗ ಶೋಭಾ ನಮ್ಮ ವಾರ್ಡಿನ ಗಟ್ಟಿಗಿತ್ತಿ. ಹೊಸಬರು ಅಳುತ್ತಾ ಕೂತರೆ, "ಮೇಡಂನ ನೋಡಿ ಕಲೀರಿ, ಭಯ ಅಂದ್ರೇನು ಅಂತಾನೇ ಗೊತ್ತಿಲ್ಲ ಅವ್ರಿಗೆ" ಎಂದು ಗದರುತ್ತಾಳೆ. ಕೇಳಿದಾಗ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಈಗಲೂ ಹೊರಗೆ ಗಲಾಟೆ ಕೇಳಿದರೆ ಭಯಕ್ಕೆ ನನ್ನ ಕಣ್ಣು ಮೊದಲು ಬಾಗಿಲ ಚಿಲಕದ ಕಡೆ ಹೋಗುತ್ತದೆ. ಅದನ್ನು ಹೇಳಿಕೊಳ್ಳಲು ಆ ವಾರ್ಡಿನಲ್ಲಿ ನನಗೆ ಯಾರೂ ಇಲ್ಲ.